ಗಡಿ ಹಾಟ್ (ಭಾರತ–ಬಾಂಗ್ಲಾದೇಶ)

ಭಾರತ ಮತ್ತು ಬಾಂಗ್ಲಾದೇಶ ಸರ್ಕಾರಗಳು ಕೂಡಿ ಗಡಿಯಲ್ಲಿ ನಡೆಸುವ ಸಂತೆ. 2010ರ ಜನವರಿಯಲ್ಲಿ ಬಾಂಗ್ಲಾದೇಶದ ಆಗಿನ ಪ್ರಧಾನಿ ಶೇಖ್ ಹಸೀನಾ ದೆಹಲಿಗೆ ಬಂದಾಗ ಮೇಘಾಲಯ ಗಡಿಯಲ್ಲಿ ಇಂಥ ಸಂತೆ ತೆರೆಯಲು ಒಪ್ಪಿಗೆಯಾಯಿತು; ಅಕ್ಟೋಬರಿನಲ್ಲಿ ಒಡಂಬಡಿಕೆಗೆ ಸಹಿ ಬಿತ್ತು. ಮೊದಲ ಹಾಟ್ 2011ರ ಜುಲೈನಲ್ಲಿ ಮೇಘಾಲಯದ ಕಲೈಚರ್ ಮತ್ತು ಬಾಂಗ್ಲಾದೇಶದ ಕುರಿಗ್ರಾಮ ಜಿಲ್ಲೆಯ ಬಲಿಯಾಮಾರಿ ನಡುವೆ ಶುರುವಾಯಿತು. 2015ರಲ್ಲಿ ತ್ರಿಪುರಾಕ್ಕೂ ಬಂತು. ಬೇಲಿ ಹಾಕಿದ ಅಂಗಳದೊಳಗೆ ಸುತ್ತಲಿನ 5 ಕಿ.ಮೀ. ವ್ಯಾಪ್ತಿಯ ಹಳ್ಳಿಗರು ಪಾಸ್‌ಪೋರ್ಟ್, ವೀಸಾ ಇಲ್ಲದೆ ಗುರುತಿನ ಚೀಟಿ ತೋರಿಸಿ ಸೇರುತ್ತಾರೆ. ತರಕಾರಿ, ಹಣ್ಣು, ಮಸಾಲೆ, ಗಮ್ಛಾ (ಹೆಗಲ ವಸ್ತ್ರ), ಲುಂಗಿ, ಬಿದಿರಿನ ಸಾಮಾನು ರೂಪಾಯಿಗೋ ಟಾಕಾಗೋ ಸುಂಕವಿಲ್ಲದೆ ಮಾರಾಟವಾಗುತ್ತವೆ. ಎರಡು ದೇಶಗಳ ಒಟ್ಟು ವ್ಯಾಪಾರದಲ್ಲಿ ಇದರ ಪಾಲು ಅತ್ಯಲ್ಪ. ಆದರೂ 1947ರ ವಿಭಜನೆಯಿಂದ ಹತ್ತಿರದ ಪೇಟೆ ಕಳೆದುಕೊಂಡ ಹಳ್ಳಿಗಳಿಗೆ ಇಷ್ಟು ನೇರವಾಗಿ ತಲುಪಿದ ರಾಜತಾಂತ್ರಿಕ ಯತ್ನ ವಿರಳ. ಕೋವಿಡ್‌ನಿಂದಾಗಿ 2020ರ ಮಾರ್ಚ್‌ನಲ್ಲಿ ಮುಚ್ಚಿದ ಹಾಟ್‌ಗಳು 2022ರಿಂದ ಒಂದೊಂದಾಗಿ ಮತ್ತೆ ತೆರೆದವು.