ಅಧ್ಯಯನಗಳ ನಡುವಣ ಭಿನ್ನತೆ (ಮೆಟಾ-ವಿಶ್ಲೇಷಣೆ)

ಅಧ್ಯಯನಗಳ ನಡುವಣ ಭಿನ್ನತೆ ಎಂದರೆ ಒಂದೇ ವೈದ್ಯಕೀಯ ಪ್ರಶ್ನೆಯನ್ನು ಕುರಿತು ನಡೆದ ಬೇರೆ ಬೇರೆ ಅಧ್ಯಯನಗಳ ಫಲಿತಾಂಶಗಳಲ್ಲಿ ಕಂಡುಬರುವ, ಕೇವಲ ಆಕಸ್ಮಿಕವೆಂದು ಹೇಳಲಾಗದ ವ್ಯತ್ಯಾಸ. ಇದನ್ನು ಹೆಟೆರೊಜೆನಿಟಿ ಎಂದೂ ಕರೆಯುತ್ತಾರೆ. ಹಲವು ಅಧ್ಯಯನಗಳ ಫಲಿತಾಂಶಗಳನ್ನು ಸಂಖ್ಯಾಶಾಸ್ತ್ರದ ಕ್ರಮದಲ್ಲಿ ಒಟ್ಟುಗೂಡಿಸುವ ವಿಧಾನವೇ ಮೆಟಾ-ವಿಶ್ಲೇಷಣೆ. ಈ ಹೆಸರನ್ನು 1976ರಲ್ಲಿ ಅಮೆರಿಕದ ಜೀನ್ ಗ್ಲಾಸ್ ಬಳಕೆಗೆ ತಂದರು.

ಭಿನ್ನತೆಯ ಬಗೆಗಳು

ಭಿನ್ನತೆಯ ಮೂಲಗಳನ್ನು ಸಾಮಾನ್ಯವಾಗಿ ಎರಡಾಗಿ ವಿಂಗಡಿಸಲಾಗುತ್ತದೆ. ರೋಗಿಗಳ ವಯಸ್ಸು, ರೋಗದ ತೀವ್ರತೆ, ಔಷಧದ ಪ್ರಮಾಣ ಮೊದಲಾದವುಗಳಿಂದ ಬರುವುದು ವೈದ್ಯಕೀಯ ಭಿನ್ನತೆ. ಅಧ್ಯಯನದ ವಿನ್ಯಾಸ, ಅಳತೆಯ ಕ್ರಮ, ಗುಣಮಟ್ಟಗಳಿಂದ ಬರುವುದು ವಿಧಾನದ ಭಿನ್ನತೆ. ಇವುಗಳ ಪರಿಣಾಮವಾಗಿ ಅಂಕಿಗಳಲ್ಲಿ ಕಾಣಿಸಿಕೊಳ್ಳುವುದು ಸಾಂಖ್ಯಿಕ ಭಿನ್ನತೆ.

ಒಂದು ಕಲ್ಪಿತ ಉದಾಹರಣೆಯನ್ನು ನೋಡಬಹುದು. ರಕ್ತದೊತ್ತಡದ ಒಂದೇ ಮಾತ್ರೆಯನ್ನು ಶಿವಮೊಗ್ಗ ನಗರದ ಕಚೇರಿ ನೌಕರರಲ್ಲಿಯೂ ಭದ್ರಾವತಿಯಲ್ಲಿ ಕುಲುಮೆಯ ಬಿಸಿಯಲ್ಲಿ ದುಡಿಯುವ ಕಾರ್ಮಿಕರಲ್ಲಿಯೂ ಪರೀಕ್ಷಿಸಲಾಯಿತೆಂದು ಭಾವಿಸೋಣ. ಎರಡು ಊರುಗಳು ಹತ್ತಿರದವೇ ಆದರೂ ದುಡಿಮೆ, ಬೆವರು, ಉಪ್ಪಿನ ಸೇವನೆ ಬೇರೆಯಾಗಿರುವುದರಿಂದ ಫಲಿತಾಂಶ ಬೇರೆಯಾಗಬಹುದು. ಆಗ ಎರಡರ ಸರಾಸರಿ ಯಾವ ಗುಂಪಿಗೂ ಸರಿಹೊಂದದಿರಬಹುದು.

ಅಳೆಯುವ ಕ್ರಮ

ಪ್ರತಿ ಅಧ್ಯಯನದ ಫಲಿತಾಂಶವನ್ನೂ ಅದರ ವಿಶ್ವಾಸ ವ್ಯಾಪ್ತಿಯನ್ನೂ ಸಾಲಾಗಿ ತೋರಿಸುವ 'ಫಾರೆಸ್ಟ್ ಪ್ಲಾಟ್' ಎಂಬ ಚಿತ್ರವನ್ನು ಮೊದಲು ನೋಡಬೇಕು. ಗೆರೆಗಳು ಒಂದರ ಮೇಲೊಂದು ಬಾರದೆ ದೂರ ಸರಿದಿದ್ದರೆ ಭಿನ್ನತೆಯಿದೆಯೆಂದು ಊಹಿಸಬಹುದು.

ವಿಲಿಯಂ ಕಾಕ್ರನ್ ಅವರ ಹೆಸರಿನ 'ಕ್ಯೂ' ಪರೀಕ್ಷೆ ಈ ವ್ಯತ್ಯಾಸ ಆಕಸ್ಮಿಕವೇ ಎಂದು ಪರಿಶೀಲಿಸುತ್ತದೆ. ಅಧ್ಯಯನಗಳು ಕಡಿಮೆಯಿದ್ದಾಗ ಈ ಪರೀಕ್ಷೆಯ ಶಕ್ತಿ ಕಡಿಮೆ. 2002ರಲ್ಲಿ ಹಿಗಿನ್ಸ್ ಮತ್ತು ಥಾಂಪ್ಸನ್ 'ಐ²' ಎಂಬ ಅಳತೆಯನ್ನು ಸೂಚಿಸಿದರು. ಕ್ಯೂ ಬೆಲೆಯಿಂದ, ಅಧ್ಯಯನಗಳ ಸಂಖ್ಯೆಗಿಂತ ಒಂದು ಕಡಿಮೆಯಾದ ಸಂಖ್ಯೆಯನ್ನು ಕಳೆದು, ಬಂದುದನ್ನು ಕ್ಯೂ ಬೆಲೆಯಿಂದಲೇ ಭಾಗಿಸಿ ನೂರರಿಂದ ಗುಣಿಸಿದರೆ ಐ² ದೊರೆಯುತ್ತದೆ. 11 ಅಧ್ಯಯನಗಳಿದ್ದು ಕ್ಯೂ 20 ಆದರೆ, 20ರಿಂದ 10ನ್ನು ಕಳೆದು 20ರಿಂದ ಭಾಗಿಸಿದಾಗ ಐ² ಶೇ. 50 ಆಗುತ್ತದೆ. ಅಂದರೆ ಕಾಣುವ ವ್ಯತ್ಯಾಸದಲ್ಲಿ ಸುಮಾರು ಅರ್ಧದಷ್ಟು ಆಕಸ್ಮಿಕವಲ್ಲ. ಐ² ಒಂದು ಪಾಲು ಮಾತ್ರ; ಪರಿಣಾಮವು ಎಷ್ಟು ಏರಿಳಿಯುತ್ತದೆ ಎಂಬುದನ್ನು ತಿಳಿಸುವುದು 'ಟೌ²' ಎಂಬ ಅಳತೆ.

ನಿಭಾಯಿಸುವ ವಿಧಾನಗಳು

ಎಲ್ಲ ಅಧ್ಯಯನಗಳೂ ಒಂದೇ ನಿಜ ಪರಿಣಾಮವನ್ನು ಅಳೆಯುತ್ತವೆ ಎಂದು ಸ್ಥಿರ-ಪರಿಣಾಮ ಮಾದರಿ ಭಾವಿಸುತ್ತದೆ. ನಿಜ ಪರಿಣಾಮವೇ ಅಧ್ಯಯನದಿಂದ ಅಧ್ಯಯನಕ್ಕೆ ಬದಲಾಗಬಹುದು ಎಂದು ಯಾದೃಚ್ಛಿಕ-ಪರಿಣಾಮ ಮಾದರಿ ಒಪ್ಪುತ್ತದೆ. ಇದರ ಪ್ರಸಿದ್ಧ ಗಣನಾಕ್ರಮವನ್ನು 1986ರಲ್ಲಿ ಡರ್ಸಿಮೋನಿಯನ್ ಮತ್ತು ಲೇರ್ಡ್ ಪ್ರಕಟಿಸಿದರು. ಇದರಲ್ಲಿ ಸಣ್ಣ ಅಧ್ಯಯನಗಳಿಗೆ ಹೋಲಿಕೆಯಲ್ಲಿ ಹೆಚ್ಚು ತೂಕ ಸಿಗುತ್ತದೆ. ಈ ಮಾದರಿ ಭಿನ್ನತೆಗೆ ಎಡೆಮಾಡಿಕೊಡುತ್ತದೆಯೇ ಹೊರತು ಅದರ ಕಾರಣವನ್ನು ವಿವರಿಸುವುದಿಲ್ಲ.

ಕಾರಣವನ್ನು ಹುಡುಕಲು ಉಪಗುಂಪು ವಿಶ್ಲೇಷಣೆ ಮತ್ತು ಮೆಟಾ-ರಿಗ್ರೆಷನ್ ಬಳಕೆಯಲ್ಲಿವೆ. ಕ್ಷಯರೋಗದ ಬಿಸಿಜಿ ಲಸಿಕೆ ಇದಕ್ಕೆ ಹೆಸರಾದ ನಿದರ್ಶನ. ಬ್ರಿಟನ್ನಿನಲ್ಲಿ ಒಳ್ಳೆಯ ರಕ್ಷಣೆ ನೀಡಿದ ಈ ಲಸಿಕೆ ತಮಿಳುನಾಡಿನ ಚೆಂಗಲ್‌ಪಟ್ಟಿನ ಪ್ರಯೋಗದಲ್ಲಿ ವಯಸ್ಕರ ಶ್ವಾಸಕೋಶದ ಕ್ಷಯಕ್ಕೆ ರಕ್ಷಣೆ ತೋರಲಿಲ್ಲ. ಸಮಭಾಜಕ ವೃತ್ತದಿಂದ ಇರುವ ದೂರವು ಈ ವ್ಯತ್ಯಾಸದ ಒಂದು ಭಾಗವನ್ನು ವಿವರಿಸುತ್ತದೆಂದು 1994ರಲ್ಲಿ ಕೋಲ್ಡಿಟ್ಜ್ ಮತ್ತು ಸಂಗಡಿಗರ ಮೆಟಾ-ವಿಶ್ಲೇಷಣೆ ತೋರಿಸಿತು. ಭಿನ್ನತೆ ಅತಿಯಾಗಿದ್ದರೆ ಒಟ್ಟುಗೂಡಿಸದೆ ಪ್ರತ್ಯೇಕವಾಗಿ ವಿವರಿಸುವುದೂ ಒಂದು ಸರಿಯಾದ ನಿರ್ಧಾರವೇ.

ಮಂಗನ ಕಾಯಿಲೆ ಲಸಿಕೆಯ ನಿದರ್ಶನ

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣ್ಣೆಗಳ ಕಡಿತದಿಂದ ಹರಡುತ್ತದೆ. ಇದರ ಲಸಿಕೆಯ ಬಗ್ಗೆ ಕರ್ನಾಟಕದ ಮೂರು ಜಿಲ್ಲೆಗಳಲ್ಲಿ ನಡೆದು 1994ರಲ್ಲಿ ಪ್ರಕಟವಾದ ಕ್ಷೇತ್ರಾಧ್ಯಯನವು ಒಂದು ಡೋಸಿನಿಂದ ಶೇ. 79.3, ಎರಡು ಡೋಸುಗಳಿಂದ ಶೇ. 93.5 ರಕ್ಷಣೆ ಎಂದಿತು. 2005ರಿಂದ 2010ರವರೆಗಿನ ಮಾಹಿತಿಯನ್ನು ಆಧರಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡು ಡೋಸುಗಳ ರಕ್ಷಣೆ ಶೇ. 62.4 ಮಾತ್ರ, ವರ್ಧಕ ಡೋಸೂ ಸೇರಿದರೆ ಶೇ. 82.9. ಒಂದೇ ಡೋಸು ಪರಿಣಾಮಕಾರಿಯಾಗಿ ಕಾಣಲಿಲ್ಲ.

ಎರಡನೆಯ ಅಧ್ಯಯನದಲ್ಲಿ ಶೇ. 62.4ರ ವಿಶ್ವಾಸ ವ್ಯಾಪ್ತಿ ಸುಮಾರು 26ರಿಂದ 81. ಅದರ ಮೇಲ್ತುದಿಯೂ 93.5ನ್ನು ಮುಟ್ಟದ ಕಾರಣ, ಈ ಅಂತರವನ್ನು ಆಕಸ್ಮಿಕವೆಂದು ತಳ್ಳಿಹಾಕುವುದು ಕಷ್ಟ. ಕಾಲ, ವಿನ್ಯಾಸ, ಲಸಿಕೆಯ ಸತ್ತ್ವ ಇವುಗಳಲ್ಲಿ ಯಾವುದು ಬದಲಾಗಿರಬಹುದೆಂದು ಕೇಳಬೇಕಾಗುತ್ತದೆ. ಎರಡರ ಸರಾಸರಿ, ಅಂದರೆ ಸುಮಾರು ಶೇ. 78 ಎಂಬ ಅಂಕಿಯನ್ನು ನಂಬಿದರೆ ಈ ಪ್ರಶ್ನೆ ಮರೆಯಾಗುತ್ತದೆ. ಎರಡು ಡೋಸು ಪಡೆದು, ವರ್ಧಕವನ್ನು ಬಿಟ್ಟು ಕಾಡಿಗೆ ಸೌದೆ ತರಲು ಹೋಗುವವರು ತಮಗೆ ಸಾಕಷ್ಟು ರಕ್ಷಣೆಯಿದೆ ಎಂದು ಭಾವಿಸುವ ಅಪಾಯವಿರುತ್ತದೆ. ಈ ಹಳೆಯ ಲಸಿಕೆಯ ಬಳಕೆಯನ್ನು ಈಗ ನಿಲ್ಲಿಸಲಾಗಿದೆ.

ಎಚ್ಚರಿಕೆಗಳು

ಉಪಗುಂಪುಗಳನ್ನು ಅಧ್ಯಯನಕ್ಕೆ ಮುನ್ನವೇ ಗೊತ್ತುಪಡಿಸಬೇಕು. ಫಲಿತಾಂಶ ನೋಡಿದ ಮೇಲೆ ಆರಿಸಿದರೆ ಇಲ್ಲದ ಕಾರಣ ಕಾಣಿಸಬಹುದು. ಮೆಟಾ-ರಿಗ್ರೆಷನ್‌ಗೆ ಸಾಮಾನ್ಯವಾಗಿ ಹತ್ತಾದರೂ ಅಧ್ಯಯನಗಳಿರಬೇಕು ಎನ್ನಲಾಗುತ್ತದೆ. ಸರಾಸರಿಯ ಜೊತೆಗೆ, ಹೊಸ ಸ್ಥಳದಲ್ಲಿ ಪರಿಣಾಮ ಎಲ್ಲಿಂದ ಎಲ್ಲಿಯವರೆಗೆ ಇರಬಹುದೆಂದು ಸೂಚಿಸುವ ಮುನ್ಸೂಚನಾ ವ್ಯಾಪ್ತಿಯನ್ನೂ ನೀಡುವುದು ಉತ್ತಮ.