ದವಾಖಾನೆಯ ಲೆಕ್ಕ ಕೇಳುವವರ ಖರ್ಚು

ದವಾಖಾನೆ ಕಟ್ಟಿಸುವುದಕ್ಕೆ ಹಣ ಒದಗಿಸುವವರು ಎಲ್ಲ ಕಾಲದಲ್ಲಿಯೂ ದೊರೆತಿದ್ದಾರೆ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ದಾನಗಳಲ್ಲಿ ನಿರತರೆಂದು ದಾನಿಗಳನ್ನು ಕೊಂಡಾಡಿದ ಶಾಸನಗಳು ಕರ್ನಾಟಕದಲ್ಲಿ ಹಲವಿವೆ. ಆದರೆ ಆ ಔಷಧವು ಬಡವನ ಕೈಗೆ ತಲುಪಿತೇ ಎಂದು ನೋಡಿ ಬರುವವನ ದಾರಿಖರ್ಚನ್ನು ಕೊಟ್ಟವರ ಹೆಸರು ಕಲ್ಲಿನ ಮೇಲೆ ಸುಲಭವಾಗಿ ಕಾಣಸಿಗದು. ಆಧುನಿಕ ಕಾಲದ ಆರೋಗ್ಯ ವ್ಯವಸ್ಥೆಯಲ್ಲಿಯೂ ಈ ಖರ್ಚಿನ ಪ್ರಶ್ನೆ ಬಹುಕಾಲ ಹಿಂದೆಯೇ ಉಳಿಯಿತು.

1946ರಲ್ಲಿ ವರದಿ ಸಲ್ಲಿಸಿದ ಭೋರ್ ಸಮಿತಿಯು ಪ್ರತಿ ಹಳ್ಳಿಯಲ್ಲಿ ಐದರಿಂದ ಏಳು ಜನರ ಆರೋಗ್ಯ ಸಮಿತಿ ಇರಬೇಕೆಂದು ಸೂಚಿಸಿತ್ತು. ಆ ಸಮಿತಿಗಳು ಸರಕಾರದ ಕೆಲಸಕ್ಕೆ ನೆರವಾಗಬೇಕೆಂಬುದು ಉದ್ದೇಶ. ಸರಕಾರವನ್ನು ಪ್ರಶ್ನಿಸುವುದು ಅವುಗಳ ಪಾಲಿಗೆ ಬಂದಿರಲಿಲ್ಲ. 1978ರ ಆಲ್ಮಾ ಆಟಾ ಘೋಷಣೆಯು ಜನರ ಸಹಭಾಗಿತ್ವವನ್ನು ಹಕ್ಕೆಂದೂ ಕರ್ತವ್ಯವೆಂದೂ ಕರೆಯಿತು. ಕರ್ನಾಟಕದಲ್ಲಿ ಅಬ್ದುಲ್ ನಜೀರ್ ಸಾಬರ ಪ್ರಯತ್ನದಿಂದ 1987ರಲ್ಲಿ ಜಿಲ್ಲಾ ಪರಿಷತ್ತುಗಳು ನಡೆಯತೊಡಗಿದಾಗ, ಊರ ದವಾಖಾನೆಯ ಸಂಗತಿಯು ಚುನಾಯಿತ ಸದಸ್ಯರ ಬಾಯಲ್ಲಿ ಬರುವಂತಾಯಿತು.

ಡಾ. ಎಚ್. ಸುದರ್ಶನ್ ಅವರ ಅಧ್ಯಕ್ಷತೆಯಲ್ಲಿ 1999ರಲ್ಲಿ ರಚಿತವಾದ ರಾಜ್ಯದ ಆರೋಗ್ಯ ಕಾರ್ಯಪಡೆಯು 2001ರಲ್ಲಿ ತನ್ನ ಅಂತಿಮ ವರದಿಯನ್ನು ಕೊಟ್ಟಿತು. ವ್ಯವಸ್ಥೆಯ ರೋಗಗಳನ್ನು ಎಣಿಸುವಾಗ ಅದು ಭ್ರಷ್ಟಾಚಾರಕ್ಕೆ ಮೊದಲ ಸ್ಥಾನ ನೀಡಿತು. ಸರಕಾರವೇ ನೇಮಿಸಿದ ಸಮಿತಿಯೊಂದು ಇಷ್ಟು ನಿಚ್ಚಳವಾಗಿ ನುಡಿದದ್ದು ಅಪರೂಪವೇ ಸರಿ. ಅನಂತರ ಸುದರ್ಶನ್ ಅವರು ಲೋಕಾಯುಕ್ತದಲ್ಲಿ ಆರೋಗ್ಯ ವಿಭಾಗದ ಜಾಗೃತಿಯ ಹೊಣೆ ಹೊತ್ತರು. ಆದರೆ ಲೋಕಾಯುಕ್ತದ ಕಣ್ಣು ಮೇಲಿನಿಂದ ನೋಡುವ ಕಣ್ಣು. ಹೆರಿಗೆಯ ರಾತ್ರಿ ಸಿಸ್ಟರ್ ಇದ್ದರೋ ಇಲ್ಲವೋ ಎಂಬುದು ಆ ಓಣಿಯ ಹೆಂಗಸರಿಗಷ್ಟೇ ಗೊತ್ತು.

ಈ ಅರಿವನ್ನು ಕಾಗದಕ್ಕೆ ಇಳಿಸುವ ಅವಕಾಶವು 2005ರ ಏಪ್ರಿಲ್‌ನಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಬಂದಿತು. ಅದಕ್ಕಾಗಿ ಕೇಂದ್ರವು ರಚಿಸಿದ ಸಲಹಾ ಮಂಡಳಿಯಲ್ಲಿ ಕರ್ನಾಟಕದ ಸುದರ್ಶನ್ ಮತ್ತು ಡಾ. ಥೆಲ್ಮಾ ನಾರಾಯಣ್ ಇಬ್ಬರೂ ಇದ್ದರು. 2007ರಿಂದ 2009ರವರೆಗೆ ಒಂಬತ್ತು ರಾಜ್ಯಗಳಲ್ಲಿ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಆಯ್ಕೆಯಾದವು ಚಾಮರಾಜನಗರ, ತುಮಕೂರು, ಗದಗ, ರಾಯಚೂರು ಜಿಲ್ಲೆಗಳು. ಬೆಳಗಾವಿ ಆ ಪಟ್ಟಿಯಲ್ಲಿರಲಿಲ್ಲ. ಹಾಗಾಗಿ ಕಬ್ಬೂರ, ರಾಯಬಾಗ, ಅಥಣಿ ಕಡೆಯ ಜನರಿಗೆ ಇದು ದೂರದ ಸುದ್ದಿಯೇ ಆಗಿತ್ತು.

ಕ್ರಮ ಹೀಗಿತ್ತು. ಜಿಲ್ಲೆಗೆ ಮೂರು ತಾಲೂಕು, ತಾಲೂಕಿಗೆ ಮೂರು ಪ್ರಾಥಮಿಕ ಆರೋಗ್ಯ ಕೇಂದ್ರ, ಕೇಂದ್ರಕ್ಕೆ ಐದು ಹಳ್ಳಿ. ಒಟ್ಟು ನಲವತ್ತೈದು ಹಳ್ಳಿಗಳು. ಅಲ್ಲಿಯ ಸಮಿತಿಯವರು ಲಸಿಕೆ ಹಾಕಿದರೇ, ಔಷಧ ಇತ್ತೇ, ಬಾಣಂತಿಗೆ ಸಲ್ಲಬೇಕಾದ ಹಣ ಪೂರ್ತಿ ಸಂದಿತೇ ಎಂದು ವಿಚಾರಿಸಿ, ಉತ್ತರಕ್ಕೆ ತಕ್ಕಂತೆ ಹಸಿರು, ಹಳದಿ, ಕೆಂಪು ಬಣ್ಣ ತುಂಬುತ್ತಿದ್ದರು. ಅಕ್ಷರ ಬಾರದ ಮುದುಕಿಗೂ ಕೆಂಪು ಅರ್ಥವಾಗುತ್ತದೆ. ಕೊನೆಗೆ ವೈದ್ಯರು, ಅಧಿಕಾರಿಗಳು, ಹಳ್ಳಿಗರು ಒಂದೆಡೆ ಕುಳಿತು ಆ ಪಟ್ಟಿಯನ್ನು ಎದುರಿಟ್ಟುಕೊಂಡು ಮಾತನಾಡುವ ಜನಸಂವಾದ. ಇಡೀ ಏರ್ಪಾಡಿನ ಜೀವ ಇದ್ದದ್ದು ಇಲ್ಲಿ.

ಇಷ್ಟಕ್ಕೆಲ್ಲ ತರಬೇತಿ, ಪ್ರಯಾಣ, ಮುದ್ರಣ, ಒಬ್ಬ ಕಾರ್ಯಕರ್ತನ ಸಂಬಳ ಬೇಕು. ಪ್ರಯೋಗದ ಅವಧಿಯಲ್ಲಿ ಕೇಂದ್ರವೇ ಹಣ ಕೊಟ್ಟಿತು. ಮುಂದೆ ರಾಜ್ಯಗಳು ತಮ್ಮ ವಾರ್ಷಿಕ ಯೋಜನೆಯಲ್ಲಿ ಅದನ್ನು ಕೇಳಿ ಪಡೆಯಬೇಕಾಯಿತು. ಧರ್ಮಸೂಕ್ಷ್ಮವಿರುವುದು ಇಲ್ಲಿಯೇ. ಯಾರ ಲೋಪವನ್ನು ತೋರಿಸಬೇಕೋ ಅವರ ಖಜಾನೆಯಿಂದಲೇ ತೋರಿಸುವವನ ಕೂಲಿ ಬರಬೇಕು. ಕೆಂಪು ಬಣ್ಣ ಹೆಚ್ಚಾದಾಗ ಹಣ ಬಿಡುಗಡೆಯ ಕಡತ ನಿಧಾನವಾದರೆ ಅದನ್ನು ಯಾರೂ ದ್ವೇಷವೆನ್ನಲಾರರು; ಕಡತಗಳ ಸ್ವಭಾವವೆನ್ನುತ್ತಾರೆ. ದಾನದ ವಿಶೇಷವು ವಿಧಿ, ದ್ರವ್ಯ, ದಾತೃ, ಪಾತ್ರ ಈ ನಾಲ್ಕರಿಂದ ಎಂದು ತತ್ತ್ವಾರ್ಥಸೂತ್ರವು ಹೇಳುತ್ತದೆಯಷ್ಟೆ. ಇಲ್ಲಿ ದ್ರವ್ಯವೂ ಪಾತ್ರವೂ ಸರಿಯಾಗಿದ್ದರೂ ದಾತೃವಿನ ಮನಸ್ಸು ಎರಡಾಗಿರುವ ಸಂಭವವುಂಟು.

ವಿದೇಶಿ ಪ್ರತಿಷ್ಠಾನಗಳ ನೆರವು ಈ ಇಕ್ಕಟ್ಟಿಗೆ ಪರಿಹಾರವೆಂದು ಕೆಲವರ ಎಣಿಕೆ. ಆ ಹಣ ಮೂರು ವರ್ಷಕ್ಕೋ ಐದು ವರ್ಷಕ್ಕೋ ಮುಗಿಯುವಂಥದು. ಮೇಲಾಗಿ ಕೊಟ್ಟವರು ಬೇಗ ಫಲ ತೋರಿಸೆನ್ನುತ್ತಾರೆ. ಉಗಾಂಡದ ಒಂಬತ್ತು ಜಿಲ್ಲೆಗಳ 50 ದವಾಖಾನೆಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು, ಜನರ ನಿಗಾದಿಂದ ಐದು ವರ್ಷದೊಳಗಿನ ಮಕ್ಕಳ ಮರಣವು ಶೇ. 33ರಷ್ಟು ಇಳಿಯಿತೆಂದು ತೋರಿಸಿದಾಗ ಹಣ ಕೊಡುವವರಲ್ಲಿ ಉತ್ಸಾಹವುಂಟಾಯಿತು. ಅದೇ ದೇಶದಲ್ಲಿ 376 ಕೇಂದ್ರಗಳಲ್ಲಿ ಮರಳಿ ಪರೀಕ್ಷಿಸಿದಾಗ ಚಿಕಿತ್ಸೆಯ ಗುಣ ಅಷ್ಟಿಷ್ಟು ಸುಧಾರಿಸಿದ್ದು ಕಂಡಿತೇ ಹೊರತು ಮರಣ ಇಳಿದದ್ದು ಕಾಣಲಿಲ್ಲ. ಇದರಿಂದ ನಿಗಾ ವ್ಯರ್ಥವೆಂದಾಗದು. ಸಿಸ್ಟರ್ ಹಣ ಕೇಳದಿರುವುದು, ಮಾತಿನಲ್ಲಿ ಗೌರವವಿರುವುದು ತಾವಾಗಿಯೇ ಬೆಲೆಯುಳ್ಳವು. ಪ್ರತಿಯೊಂದನ್ನೂ ಮರಣದ ಅಂಕಿಯಿಂದ ಅಳೆಯಬೇಕಾಗಿಲ್ಲ.

ನೆರೆಯ ಮಹಾರಾಷ್ಟ್ರವು ಪುಣೆ, ಠಾಣೆ, ಅಮರಾವತಿ, ನಂದುರಬಾರ, ಉಸ್ಮಾನಾಬಾದ ಜಿಲ್ಲೆಗಳಲ್ಲಿ ಇದನ್ನು ಆರಂಭಿಸಿ, ಮುಂದೆ ನಿಪ್ಪಾಣಿಗೆ ಹೊಂದಿಕೊಂಡ ಕೊಲ್ಹಾಪುರವೂ ಸೇರಿದಂತೆ ಇನ್ನಷ್ಟು ಜಿಲ್ಲೆಗಳಿಗೆ ಹಬ್ಬಿಸಿತು. ಉಚಿತ ಔಷಧವನ್ನು ಹೊರಗಿನ ಅಂಗಡಿಯಿಂದ ತರಿಸಿದ್ದು ಅಲ್ಲಿಯ ಜನಸುನಾವಣಿಗಳಲ್ಲಿ ಎಲ್ಲರೆದುರು ಚರ್ಚೆಗೆ ಬಂದಿತು. ಹಣ ತಡವಾಗಿ ಬಂದ ವರ್ಷಗಳಲ್ಲಿ ಅಲ್ಲಿಯೂ ಕೆಲಸ ಕುಂಟಿತು.

ಅಭಿಯಾನವು ಪ್ರತಿ ಹಳ್ಳಿಯ ಆರೋಗ್ಯ ಸಮಿತಿಗೆ ವರ್ಷಕ್ಕೆ 10,000 ರೂಪಾಯಿಗಳ ಮುಕ್ತ ನಿಧಿಯನ್ನು ಗೊತ್ತುಪಡಿಸಿತು. ಇದು ಪ್ರಯೋಗದ ಜಿಲ್ಲೆಗಳಿಗಷ್ಟೇ ಅಲ್ಲ, ಚಿಕ್ಕೋಡಿ ಸೀಮೆಯ ಹಳ್ಳಿಗಳಿಗೂ ಅನ್ವಯಿಸುವ ಏರ್ಪಾಡು. ಗಟಾರ ತೆಗೆಸುವುದಕ್ಕೆ, ಕೀಟನಾಶಕ ಸಿಂಪಡಿಸುವುದಕ್ಕೆ ಆ ಮೊತ್ತ ಸಾಲದಾಗುತ್ತದೆ, ನಿಜ. ಆದರೂ ಸಮಿತಿಯ ಇಬ್ಬರು ಹೆಂಗಸರು ತಿಂಗಳಿಗೊಮ್ಮೆ ಬಸ್ಸು ಹತ್ತಿ ಆರೋಗ್ಯ ಕೇಂದ್ರದ ಔಷಧದ ದಾಸ್ತಾನನ್ನು ನೋಡಿ ಬರುವುದಕ್ಕೆ ಅದರ ಒಂದು ಸಣ್ಣ ಪಾಲು ಸಾಕು. ಆ ದಿನದ ಕೂಲಿ ತಪ್ಪಿದ್ದನ್ನು ತುಂಬಿಕೊಡುವುದನ್ನೂ ಅದರೊಳಗೆ ಸೇರಿಸಬೇಕು.