ಐಲಾ ದ್ವೀಪದ ವಿಸ್ಕಿ

ಸ್ಕಾಟ್ಲೆಂಡಿನ ಪಡುಗಡಲಿನಲ್ಲಿರುವ ಐಲಾ ದ್ವೀಪದಲ್ಲಿ ಮರಗಳು ವಿರಳ. ಆದಕಾರಣ ಅಲ್ಲಿಯವರಿಗೆ ಪೀಟ್ ಎಂಬ ಜೌಗುಮಣ್ಣೇ ಬಹುಕಾಲ ಉರುವಲಾಗಿದ್ದಿತು. ಪಾಚಿಯೂ ಕುರುಚಲು ಗಿಡಗಳೂ ನೀರಿನಲ್ಲಿ ಅರೆಕೊಳೆತು ಅಡಕವಾದುದೇ ಪೀಟು. ಮೊಳದಷ್ಟು ದಪ್ಪವಾಗಲು ಅದಕ್ಕೆ ಕೆಲವು ಶತಮಾನಗಳೇ ಬೇಕು. ಮೊಳಕೆಯೊಡೆದ ಜವೆಗೋದಿಯನ್ನು ಇದರ ಹೊಗೆಯಲ್ಲಿ ಒಣಗಿಸುವರು. ಕಾಳು ಹಸಿಯಾಗಿರುವಾಗಲೇ ಹೊಗೆಯ ಸಾರವು ಅದಕ್ಕೆ ಹತ್ತಬೇಕು. ಒಣಗಿದ ಮೇಲೆ ಎಷ್ಟು ಹೊಗೆಯಿಟ್ಟರೂ ಪ್ರಯೋಜನವು ಅಲ್ಪವೇ. ಬಳಿಕ ಹುದುಗಿಸಿ, ತಾಮ್ರದ ಹಂಡೆಗಳಲ್ಲಿ ಎರಡು ಸಲ ಭಟ್ಟಿಯಿಳಿಸಿ, ಓಕ್ ಮರದ ಪೀಪಾಯಿಗಳಲ್ಲಿ ತುಂಬಿಡುವರು. ಮೂರು ವರ್ಷವಾದರೂ ಮಾಗದೆ ಅದಕ್ಕೆ ವಿಸ್ಕಿಯೆಂಬ ಹೆಸರು ಸಲ್ಲದೆಂದು ಶಾಸನವಿದೆ. ವರ್ಷಕ್ಕೆ ನೂರರಲ್ಲಿ ಸುಮಾರು 2 ಪಾಲು ಆವಿಯಾಗಿ ಹೋಗುವುದು. ಅದನ್ನು ದೇವದೂತರ ಪಾಲೆನ್ನುವರು. ಸುಂಕದವರ ಕೈಗೂ ಸಿಕ್ಕದ ಪಾಲು ಅದು!

ಇಂದು ತುಂಬಿಟ್ಟುದನ್ನು ಮಾರುವವರು ಅನೇಕ ವೇಳೆ ಮುಂದಿನ ತಲೆಮಾರಿನವರು. ಆದುದರಿಂದ ಈ ಕಸಬಿನಲ್ಲಿ ಲೆಕ್ಕ ತಪ್ಪುವುದು ಸುಲಭ. 1825ರಲ್ಲಿ ಸ್ಥಾಪಿತವಾಗಿ, ನಡುವೆ ಕೆಲವು ದಶಕ ನಿಂತು, 1967ರಲ್ಲಿ ಮತ್ತೆ ಹೊತ್ತಿದ ಪೋರ್ಟ್ ಎಲೆನ್ ಭಟ್ಟಿಯನ್ನು, ಬೇಡಿಕೆಗೆ ಮೀರಿ ವಿಸ್ಕಿಯು ಸಂಗ್ರಹವಾಯಿತೆಂದು 1983ರಲ್ಲಿ ಒಡೆಯರು ಮುಚ್ಚಿಸಿದರು. ಅಲ್ಲಿಯ ಸರಕು ಅದುವರೆಗೆ ಬಹುಮಟ್ಟಿಗೆ ಮಿಶ್ರಣದ ವಿಸ್ಕಿಗಳಲ್ಲಿ ತನ್ನ ಹೆಸರಿಲ್ಲದೆ ಬೆರೆತುಹೋಗುತ್ತಿದ್ದಿತು. ಹಂಡೆಗಳನ್ನೂ ಕಳಚಿದರು. ಆದರೆ ಉಗ್ರಾಣಗಳಲ್ಲುಳಿದ ಪೀಪಾಯಿಗಳು ಮಾಗುತ್ತಲೇ ಇದ್ದುವು. 2001ರಿಂದ ಅವನ್ನು ವರ್ಷಕ್ಕಿಷ್ಟೆಂದು ಹೊರತೆಗೆದಾಗ ರಸಜ್ಞರು ಮುಗಿಬಿದ್ದರು. ಹೆಚ್ಚಾಯಿತೆಂದು ಬಿಟ್ಟ ಸರಕಿಗೇ ಹೊನ್ನಿನ ಬೆಲೆ ಬಂದಿತು. ಕಡೆಗೆ 2024ರ ಮಾರ್ಚಿಯಲ್ಲಿ, ಹಳೆಯವುಗಳ ಆಕಾರವನ್ನೇ ಅನುಸರಿಸಿ ಎರೆಡು ಹಂಡೆಗಳನ್ನು ಹೂಡಿ, ಭಟ್ಟಿಯನ್ನು ಪುನಃ ತೆರೆದರು. ಅಲ್ಲಿ ಆ ವರ್ಷ ಇಳಿಸಿದುದು ನಲವತ್ತು ವರ್ಷದ ವಿಸ್ಕಿಯೆನಿಸಿಕೊಳ್ಳುವುದು 2064ರಲ್ಲಿ.